ಅಪ್‌ಡೇಟ್: ಮಗ ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ ಎಂದು ಕೇಳಿದ್ದೆ

ಮಳೆಗಾಲಕ್ಕೆ ಮುಂಚೆ ಇಲ್ಲಿ ಕೇಳಿದ್ದೆ. ಮಗನಿಗೆ ಮೂಗಿನ ನಳಿಗೆಯಲ್ಲೇ ಹಾಲು, ಜೊತೆಗೆ ಆಕ್ಸಿಜನ್. ಮನೆಯಲ್ಲಿ ನಾನೊಬ್ಬಳೇ ನೋಡಿಕೊಳ್ಳುತ್ತೇನೆ, ಸುಮ್ಸುಮ್ನೆ ಅಳು ಬರುತ್ತದೆ ಅಂತ.

ನೀವು ಹೇಳಿದ ಟೆಲಿ ಮನಸ್‌ಗೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ, ಫೋನ್ ಮಾಡಿದೆ. ರಾತ್ರಿ ಎರಡು ಗಂಟೆ. ಜೋರು ಮಳೆ, ಕರೆಂಟ್ ಇಲ್ಲ. ಸಿಲಿಂಡರಿನ ಮುಳ್ಳು ಇಳಿಯುವುದನ್ನೇ ನೋಡುತ್ತಾ ಮಾತಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಮಡಿಕೇರಿಯಲ್ಲಿ ಡಾಕ್ಟರನ್ನು ಕಂಡೆ. ಖಿನ್ನತೆ ಎಂದರು. ಮೊದಲ ಎರಡು ವಾರ ಮಾತ್ರೆಯಿಂದ ಏನೂ ಅನ್ನಿಸಲಿಲ್ಲ. ಬಿಡಬೇಡಿ ಎಂದಿದ್ದರು, ಬಿಡಲಿಲ್ಲ.

ನಾದಿನಿ ನಳಿಗೆಯಲ್ಲಿ ಹಾಲು ಕೊಡುವುದು ಕಲಿತಳು. ಮೊದಲ ದಿನ ಅವಳ ಕೈ ನಡುಗುತ್ತಿತ್ತು, ಪಾಪ. ಈಗ ಶನಿವಾರ ರಾತ್ರಿ ಅವಳ ಪಾಳಿ. ಮೊನ್ನೆ ಐದು ಗಂಟೆ ಒಂದೇ ಸಮನೆ ಮಲಗಿದೆ!

ಅಳು ಈಗಲೂ ಬರುತ್ತದೆ, ದಿನಾ ಅಲ್ಲ. ಅವತ್ತು ಉತ್ತರ ಬರೆದ ಅಮ್ಮಂದಿರೇ, ನೀವೂ ನಿದ್ದೆ ಮಾಡುತ್ತಿದ್ದೀರಿ ಅಲ್ವಾ?