ಹೊಸ ಲೈಟ್ ಸ್ಪೋರ್ಟ್ ವಿಮಾನಕ್ಕೆ ದುಡ್ಡು ಹಾಕಬಹುದಾ?

ಪ್ರಶ್ನೆ (ಫೋರಂನಲ್ಲಿ ಬಂದದ್ದು, ಉತ್ತರಿಸಿದವರದು ಅಡ್ಡಹೆಸರುಗಳು): ಅಮೆರಿಕದ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ. ರೋಟ್ಯಾಕ್ಸ್ 912 ಎಂಜಿನ್ ಇರುವ ಹೊಸ ಎಲ್‌ಎಸ್‌ಎ (ಲೈಟ್ ಸ್ಪೋರ್ಟ್ ವಿಮಾನ) ತಗೊಳ್ಳೋದಾ, ನಾಲ್ಕು ಸೀಟಿನ ಹಳೇ ಸೆಸ್ನಾ 172 ಸಾಕಾ?

ರೆಕ್ಕೆಪುಕ್ಕ: ಮೊದಲು ತೂಕ ನೋಡಿ. ಹಳೇ ನಿಯಮದಲ್ಲಿ ಎಲ್‌ಎಸ್‌ಎಯ ಒಟ್ಟು ತೂಕದ ಮಿತಿ 600 ಕೆಜಿ. ಖಾಲಿ ವಿಮಾನವೇ 350 ಇದ್ದರೆ ಉಳಿಯೋದು 250. 100 ಲೀಟರ್ ಪೆಟ್ರೋಲ್‌ಗೆ 72 ಹೋಯ್ತು. 85 ಕೆಜಿಯ ಇಬ್ಬರು ಕೂತರೆ ಬ್ಯಾಗಿಗೆ ಎಂಟೇ ಕೆಜಿ! ಬ್ರೋಷರ್ ನಂಬಬೇಡಿ, ಪ್ಯಾರಾಚೂಟ್, ಆಟೋಪೈಲಟ್ ಕೂರಿಸಿದ ಮೇಲಿನ ತೂಕದ ಹಾಳೆ ಕೇಳಿ.

ಗೇರ್‌ಬಾಕ್ಸ್: ರೋಟ್ಯಾಕ್ಸ್‌ನಲ್ಲಿ ಇಂಧನ ಉಳಿತಾಯ ನಿಜ, ಗಂಟೆಗೆ ಸುಮಾರು 20 ಲೀಟರ್ ಅಷ್ಟೆ. ಆದರೆ ಹಾರಿಸಲಿ ಬಿಡಲಿ, ಐದು ವರ್ಷಕ್ಕೊಮ್ಮೆ ರಬ್ಬರ್ ಹೋಸ್‌ಗಳು ಬದಲಾಗಲೇಬೇಕು. ಸೀಸ ಬೆರೆತ ಆವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಹೆಚ್ಚಾಗಿ ಬಳಸಿದರೆ ಆಯಿಲ್ 25 ಗಂಟೆಗೇ ಬದಲಿಸಿ, ಇಲ್ಲದಿದ್ದರೆ ಗಸಿ ಕೂರುತ್ತೆ. ಎರಡು ಕಾರ್ಬ್ಯುರೇಟರ್‌ಗಳ ಸಿಂಕ್ (ಹೊಂದಾಣಿಕೆ) ತಪ್ಪಿದರೆ ಐಡಲ್‌ನಲ್ಲಿ ಎಂಜಿನ್ ನಡುಗಿ ಗೇರ್‌ಬಾಕ್ಸ್ ಸವೆಯುತ್ತೆ.

ತ್ರಾಸು: 2025ರ ಅಕ್ಟೋಬರ್ 22ರಿಂದ ಮೊಸಾಯಿಕ್ ಎಂಬ ಅಮೆರಿಕದ ಹೊಸ ನಿಯಮದಡಿ ಸ್ಪೋರ್ಟ್ ಪೈಲಟ್‌ಗಳೂ (ಮೆಡಿಕಲ್ ಸರ್ಟಿಫಿಕೇಟ್ ಬದಲು ಡ್ರೈವಿಂಗ್ ಲೈಸೆನ್ಸ್ ಮೇಲೆ ಹಾರಿಸಬಲ್ಲವರು) 172 ಹಾರಿಸಬಹುದು (ಜೊತೆಗೆ ಒಬ್ಬರೇ). ಮೆಡಿಕಲ್ ತಲೆನೋವಿಗಾಗಿ ಎಲ್‌ಎಸ್‌ಎ ಕೊಳ್ಳೋ ಕಾರಣ ಅಲ್ಲಿಗೆ ಮುಗೀತು. ಇನ್ನೊಂದು: ಎಸ್-ಎಲ್‌ಎಸ್‌ಎಯಲ್ಲಿ (ಕಾರ್ಖಾನೆಯಲ್ಲೇ ಸಿದ್ಧವಾದ ಎಲ್‌ಎಸ್‌ಎ) ಮಾರ್ಪಾಡಿಗೆ ತಯಾರಕರ ಅನುಮತಿ ಪತ್ರ ಬೇಕು. ಅವರು ಬಾಗಿಲು ಹಾಕಿದರೆ ವಿಮಾನವನ್ನು ಎಕ್ಸ್‌ಪೆರಿಮೆಂಟಲ್ (ಪ್ರಾಯೋಗಿಕ) ವರ್ಗಕ್ಕೆ ಬದಲಾಯಿಸೋದೇ ಸಾಮಾನ್ಯವಾಗಿ ಉಳಿಯೋ ದಾರಿ. ಆಮೇಲೆ ಬಾಡಿಗೆಗೆ ಬಿಡೋ ಆಸೆ ಬಿಡಿ.