ಅಪ್‌ಡೇಟ್: 4294967297 ಅವಿಭಾಜ್ಯ ಸಂಖ್ಯೆ ಅಲ್ಲ

ಮಂಡ್ಯದ ನಮ್ಮ ಟ್ಯೂಷನ್ ಮಕ್ಕಳಿಗಾಗಿ ಕೇಳಿದ್ದೆನಲ್ಲ, 2ರ ಘಾತ 32ಕ್ಕೆ 1 ಕೂಡಿಸಿದರೆ ಬರುವ 4294967297 ಅವಿಭಾಜ್ಯವಾ ಅಂತ? ಅಲ್ಲ.

ಅಂಕಿ ಕೂಡಿಸಿ ನೋಡುವ ಉಪಾಯ ನಡೆಯಲಿಲ್ಲ. ಮೊತ್ತ 59, ಹಾಗಾಗಿ 3ರಿಂದ ಭಾಗ ಹೋಗಲ್ಲ. 7, 11, 13 ಕೂಡ ಹೋಗಲಿಲ್ಲ.

ಕೆಲಸಕ್ಕೆ ಬಂದದ್ದು ಮೈಸೂರಿನ ಮೇಷ್ಟ್ರು ಹೇಳಿದ ದಾರಿ. ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕಂತೆ. ಹಾಗಾಗಿ ಅಂಥ ಅವಿಭಾಜ್ಯಗಳನ್ನೇ ಸಾಲಾಗಿ ನೋಡಿದೆವು: 193, 257, 449, 577 ಆದ ಮೇಲೆ 641. ಬೋರ್ಡ್ ಮೇಲೆ ಭಾಗಾಕಾರ ಇಳಿಯುತ್ತಾ ಹೋಯಿತು. ಕೊನೆಗೆ ಉಳಿದದ್ದು 4487. 641 ಏಳ್ಲಿ 4487, ಶೇಷ ಸೊನ್ನೆ! ಮಕ್ಕಳು ಕೂಗಿಬಿಟ್ಟರು. ಭಾಗಲಬ್ಧ 6700417, ಅದೂ ಅವಿಭಾಜ್ಯವೇ.

4294967297 ಅವಿಭಾಜ್ಯ ಅಂತ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಇದೇ 641ರಿಂದ ಒಡೆದು ತೋರಿಸಿದರು. ಆಮೇಲೆ ಗೊತ್ತಾದದ್ದು: 64ರ ಬದಲು 128 ಇಟ್ಟರೂ ಸಾಕು, 1878ರಲ್ಲಿ ಗಣಿತಜ್ಞ ಲ್ಯೂಕಾಸ್ ತೋರಿಸಿದ್ದು. ಆಗ 257 ಆದ ಮೇಲೆ ನೇರ 641!