ಕಣಕಾಲಿನ ಎಲುಬು ನೋಯುತ್ತಿದೆ, ಫಿಸಿಕಲ್‌ಗೆ ಐದೇ ವಾರ ಇದೆ

ಇಂಡಿ ಹುಡುಗ:
ಅಣ್ಣಾರೆ, ಪೊಲೀಸ್ ಸಿವಿಲ್ ಕಾನ್‌ಸ್ಟೇಬಲ್ ಫಿಸಿಕಲ್‌ಗೆ, ಅಂದರೆ ದೈಹಿಕ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. 1600 ಮೀಟರ್ ಓಟ 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು, ನನಗೆ ಈಗ 6:50 ಆಗುತ್ತಿದೆ. ಊರಲ್ಲಿ ಹೊಲದ ದಾರಿಯಲ್ಲಿ ಓಡುತ್ತಿದ್ದೆ, ಏನೂ ಆಗಿರಲಿಲ್ಲ. ಹೋದ ತಿಂಗಳು ವಿಜಯಪುರದಲ್ಲಿ ರೂಮ್ ಮಾಡಿದೆ. ಬೆಳಿಗ್ಗೆ ಗೋಲಗುಮ್ಮಟದ ಕಡೆ ಡಾಂಬರ್ ರಸ್ತೆ, ಸಂಜೆ ಮತ್ತೆ ಸ್ಟೇಡಿಯಂ. ಈಗ ಎರಡೂ ಕಣಕಾಲಿನ ಒಳಮಗ್ಗುಲು ನೋವು. ಮೊದಲು ಓಡಲು ಶುರು ಮಾಡಿದಾಗ ಮಾತ್ರ ಇತ್ತು. ಈಗ ಮೆಟ್ಟಿಲು ಇಳಿಯುವಾಗಲೂ ಇದೆ. ರೂಮಿನ ಗೆಳೆಯ ಗುಳಿಗೆ ನುಂಗಿ ಓಡು ಅಂತಾನೆ. ಓಡಲಾ, ಬಿಡಲಾ?

ಜಮಖಂಡಿಯವ:
ತಮ್ಮಾ, ಗುಳಿಗೆ ನುಂಗಿ ಮಾತ್ರ ಓಡಬೇಡ. ನಾನು ಅದನ್ನೇ ಮಾಡಿದ್ದೆ. ನೋವು ಮುಚ್ಚಿತು, ಎಲುಬು ವಾಸಿಯಾಗಲಿಲ್ಲ. ಒಂದು ದಿನ ಮೂರನೇ ರೌಂಡಿನಲ್ಲಿ ಎಡಗಾಲು ಊರಲಿಕ್ಕೇ ಬರಲಿಲ್ಲ. ಗೆಳೆಯರು ಎತ್ತಿಕೊಂಡು ಬೈಕ್ ಮೇಲೆ ಕೂರಿಸಿದರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಎಂಆರ್‌ಐಯಲ್ಲಿ ಸಣ್ಣ ಬಿರುಕು ಸಿಕ್ಕಿತು. ಆ ಸಲದ ಫಿಸಿಕಲ್ ಹೋಯಿತು.

ಇವತ್ತೇ ಒಂದು ಕೆಲಸ ಮಾಡು. ಕುಳಿತು ಹೆಬ್ಬೆರಳಿನಿಂದ ಎಲುಬಿನ ಒಳಅಂಚನ್ನು ಮೇಲಿಂದ ಕೆಳಗೆ ಒತ್ತುತ್ತಾ ಬಾ. ಗೇಣುದ್ದ ಹರಡಿದ ನೋವಾದರೆ ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್, ಅಂದರೆ ಎಲುಬಿನ ಮೇಲೆ ದಿಢೀರ್ ಭಾರ ಬಿದ್ದಿದ್ದರಿಂದ ಬಂದದ್ದು. ಒಂದೇ ಕಡೆ, ರೂಪಾಯಿಯಷ್ಟು ಜಾಗದಲ್ಲಿ ಚುರುಕ್ ಅಂದರೆ, ಇಲ್ಲಾ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಬಿರುಕಿನ ಅನುಮಾನ. ಓಟ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸಲೇಬೇಕು.

ಹರಡಿದ ನೋವೇ ಆದರೂ ಮೆಟ್ಟಿಲಲ್ಲಿ ನೋವು ಇರುವಷ್ಟು ದಿನ ಓಟ ಬೇಡ. ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡು. ದಮ್ಮು ಕಡಿಮೆಯಾಗಬಾರದು ಅಂದರೆ ಸೈಕಲ್ ತುಳಿ, ಅದರಲ್ಲೂ ನೋವು ಬರಬಾರದು. ಅರ್ಧ ಗಂಟೆ ಜೋರಾಗಿ ನಡೆದರೂ ನೋವಿಲ್ಲ ಅಂದಮೇಲೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮಣ್ಣಿನ ಮೈದಾನದಲ್ಲಿ, ದಿನ ಬಿಟ್ಟು ದಿನ. ವೇಗ ಕೊನೆಗೆ. ನೀನು ಹೊಲದ ದಾರಿಯಿಂದ ನೇರ ಡಾಂಬರಿಗೆ, ಅದೂ ದಿನಕ್ಕೆ ಎರಡು ಸಲ ಇಳಿದೆ, ಅಲ್ವಾ? ಕಾಲಿಗೆ ಹೊಂದಿಕೊಳ್ಳಲು ಟೈಮೇ ಸಿಕ್ಕಿಲ್ಲ.

ಗೋಕಾಕದ ಅಕ್ಕ:
ಶೂ ಅಡಿ ತಿರುಗಿಸಿ ನೋಡಪ್ಪ, ಸವೆದಿದ್ದರೆ ಬದಲಿಸು. ನೋವು ಇಳಿದ ಮೇಲೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ, ನಿಧಾನ ಇಳಿಸು. ನನಗೆ ಮೀನಖಂಡ ಗಟ್ಟಿಯಾದ ಮೇಲೆ ಈ ನೋವು ಮತ್ತೆ ಬರಲಿಲ್ಲ.

ಇಂಡಿ ಹುಡುಗ:
ಒತ್ತಿ ನೋಡಿದೆ ಅಣ್ಣಾ. ಎಡಗಾಲಲ್ಲಿ ಉದ್ದಕ್ಕೂ ಇದೆ. ಬಲಗಾಲಲ್ಲಿ ಪಾದದ ಗಂಟಿನಿಂದ ಒಂದು ಗೇಣು ಮೇಲೆ ಒಂದೇ ಚುಕ್ಕೆ, ಬೆರಳಿಟ್ಟರೆ ಕಣ್ಣಲ್ಲಿ ನೀರು ಬಂತು. ನಾಳೆ ಬೆಳಿಗ್ಗೆ ಸ್ಟೇಡಿಯಂಗೆ ಹೋಗಲ್ಲ, ಡಾಕ್ಟರ್ ಹತ್ತಿರ ಹೋಗುತ್ತೇನೆ. ಅಪ್ಪನಿಗೂ ಈಗಲೇ ಫೋನ್ ಮಾಡಿ ಹೇಳಿದೆ.

ಜಮಖಂಡಿಯವ:
ಒಳ್ಳೇದು ಮಾಡಿದಿ. ಎಕ್ಸ್‌ರೇ ಚೆನ್ನಾಗಿದೆ ಅಂದರೂ ಆ ಚುಕ್ಕೆಯನ್ನು ಡಾಕ್ಟರಿಗೆ ಬೆರಳಿಟ್ಟು ತೋರಿಸು. ಏನಂದರು ಅಂತ ಇಲ್ಲಿ ಬರಿ, ಕಾಯುತ್ತಿರುತ್ತೇನೆ.